ತಾಳಕ್ಕೆ ಕೂತ ಸುವಾರ್ತೆ

(ಗೇರುಸೊಪ್ಪದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊನ್ನಾವರ ಸೀಮೆಯವರಿಗೆ ತಾಳಮದ್ದಳೆ ಎಂದರೇನು ಎಂದು ಹೇಳಿಕೊಡಬೇಕಾದ್ದಿಲ್ಲ. ಭಾಗವತರು ಪದ ಮುಗಿಸುತ್ತಾರೆ, ಅರ್ಥಧಾರಿ ಮಾತಿಗಿಳಿಯುತ್ತಾನೆ. ಕೈಯಲ್ಲಿ ಚೀಟಿಯಿಲ್ಲ. ಎದುರಿಗೆ ಕೂತವನು ಒಂದು ಮಾತು ಎಸೆದರೆ ಅಲ್ಲೇ, ಆಗಲೇ, ಅದಕ್ಕಿಂತ ಚೂಪಾದ ಮಾತು ಹುಟ್ಟಬೇಕು. ಹುಟ್ಟದಿದ್ದರೆ ಸಭೆ ಮುಖಮುಖ ನೋಡಿಕೊಳ್ಳುತ್ತದೆ.

ಹೆಚ್ಚುಕಡಿಮೆ ಇದೇ ಬಗೆಯ ಮಾತಿನ ಆಟವನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯ ಹುಡುಗರು 1970ರ ದಶಕದಲ್ಲಿ ಬೆಳೆಸಿದರು. 1973ರ ಆಗಸ್ಟ್ 11ರಂದು, ಕೂಲ್ ಹರ್ಕ್ ಎಂದು ಹೆಸರಾದ ಜಮೈಕಾ ಮೂಲದ ತರುಣನೊಬ್ಬ ತನ್ನ ಸೋದರಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ಗ್ರಾಮಫೋನ್ ತಟ್ಟೆಗಳನ್ನಿಟ್ಟುಕೊಂಡು, ಹಾಡಿನ ನಡುವೆ ಬರುವ ಬರೀ ತಾಳದ ತುಣುಕನ್ನೇ ಮತ್ತೆ ಮತ್ತೆ ನುಡಿಸಿದ. ಅದೇ ಹಿಪ್‌ಹಾಪ್‌ನ ಹುಟ್ಟುದಿನವೆಂದು ಎಣಿಕೆ. ಆ ತಾಳದ ಮೇಲೆ ಪ್ರಾಸ ಜೋಡಿಸಿ ಆಡುವ ಮಾತೇ ರ್‍ಯಾಪ್. ಹಾಡೂ ಅಲ್ಲ, ಬರೀ ಮಾತೂ ಅಲ್ಲ ಎಂದು ಮೂಗು ಮುರಿಯುವವರು ತಾಳಮದ್ದಳೆಯ ಮುಂದೆ ಬೆಳಗಿನವರೆಗೆ ಕೂತ ನಾಡಿನಲ್ಲೂ ಇದ್ದಾರೆ ಎಂಬುದೇ ಸೋಜಿಗ.

ಈ ಬೀದಿಯ ಕಲೆಗೆ ಯೇಸುವಿನ ಮಾತು ಸೇರಲು ಹೆಚ್ಚು ಕಾಲ ಬೇಕಾಗಲಿಲ್ಲ. 1985ರಲ್ಲಿ ಒಕ್ಲಹೋಮಾದ ಸ್ಟೀಫನ್ ವೈಲಿ 'ಬೈಬಲ್ ಬ್ರೇಕ್' ಎಂಬ ಕ್ಯಾಸೆಟ್ ಹೊರತಂದ. ಆಮೇಲೆ ಫಿಲಡೆಲ್ಫಿಯಾದ ಕ್ರಾಸ್ ಮೂವ್‌ಮೆಂಟ್ ತಂಡ ಬಂತು. 2004ರಲ್ಲಿ ಲೆಕ್ರೇ ಎಂಬ ಗಾಯಕ ಗೆಳೆಯನ ಜೊತೆ ಸೇರಿ ರೀಚ್ ರೆಕಾರ್ಡ್ಸ್ ಸಂಸ್ಥೆ ಕಟ್ಟಿದ. ಆ ಬಳಗದವರು '116' ಎಂಬ ಅಂಕಿಯನ್ನೇ ಗುರುತಾಗಿ ಇಟ್ಟುಕೊಂಡರು. ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ ಒಂದನೆಯ ಅಧ್ಯಾಯ, ಹದಿನಾರನೆಯ ವಚನ ಅದು. ಸುವಾರ್ತೆಯ ವಿಷಯದಲ್ಲಿ ತನಗೆ ನಾಚಿಕೆಯಿಲ್ಲ ಎಂದು ಪೌಲ ಹೇಳುವ ಜಾಗ. 2013ರಲ್ಲಿ ಲೆಕ್ರೇಯ 'ಗ್ರ್ಯಾವಿಟಿ'ಗೆ ಗಾಸ್ಪೆಲ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಮರುವರ್ಷ ಬಂದ 'ಅನಾಮಲಿ' ಅಮೆರಿಕದ ಮಾರಾಟ ಪಟ್ಟಿಯಲ್ಲಿ, ಧಾರ್ಮಿಕ ಸಂಗೀತದ ಪಟ್ಟಿಯಲ್ಲಷ್ಟೇ ಅಲ್ಲ, ಒಟ್ಟು ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೇರಿತು.

ಎಲ್ಲರೂ ಹಿಗ್ಗಲಿಲ್ಲ. 2013ರ ಕೊನೆಯಲ್ಲಿ ಅಮೆರಿಕದ ಒಂದು ಧಾರ್ಮಿಕ ಗೋಷ್ಠಿಯಲ್ಲಿ ಕೂತ ಹಿರಿಯರು, ರ್‍ಯಾಪ್ ಎಂಬ ಪಾತ್ರೆಯೇ ಕೊಳಕು, ಅದರಲ್ಲಿ ಏನು ಹಾಕಿದರೂ ಕೆಡುತ್ತದೆ ಎಂಬರ್ಥದ ಮಾತಾಡಿದರು. ಒಬ್ಬರಂತೂ ಈ ಗಾಯಕರನ್ನು ಹೇಡಿಗಳೆಂದೇ ಕರೆದು, ಗಲಾಟೆ ಎದ್ದ ಮೇಲೆ ಕ್ಷಮೆ ಕೇಳಿದರು.

ಈ ಜಗಳ ಹೊಸದಲ್ಲ. ನಮ್ಮ ಈ ಕರಾವಳಿಗೆ ಅದು ನಾಲ್ಕು ನೂರು ವರ್ಷ ಹಳತು. ಗೇರುಸೊಪ್ಪದಲ್ಲಿ ಜೈನ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದ ಕಾಲ ನೆನಪಿಸಿಕೊಳ್ಳಿ. ಪೋರ್ಚುಗೀಸರು ಆಕೆಯನ್ನು 'ಮೆಣಸಿನ ರಾಣಿ' ಎಂದರು; ಮೆಣಸಿಗಾಗಿ ಕೈಚಾಚಿದರು, ಹೊನ್ನಾವರದ ಕೋಟೆಗಾಗಿ ಕಾದಾಡಿದರು. ಅದೇ ಹೊತ್ತಿಗೆ, 1579ರಲ್ಲಿ, ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಗೋವೆಗೆ ಬಂದಿಳಿದ. ಅಲ್ಲಿ ಮತಾಂತರಗೊಂಡವರ ಕೈಯಿಂದ ಹಳೆಯ ಪುರಾಣಗಳು ಹೋಗಿದ್ದವು. ಕೇಳಿ ಬೆಳೆದ ಕಿವಿ ಮಾತ್ರ ಹಾಗೇ ಇತ್ತು. ಆ ಕಿವಿಗೆ ಲ್ಯಾಟಿನ್ ಪ್ರಾರ್ಥನೆ ಸಾಲದು ಎಂದು ಸ್ಟೀಫನ್ಸ್ ತಿಳಿದ. ಮರಾಠಿ ಕಲಿತ, ಕೊಂಕಣಿ ಕಲಿತ. ಜ್ಞಾನೇಶ್ವರ, ಏಕನಾಥರು ಬಳಸಿದ ಓವಿ ಛಂದಸ್ಸನ್ನೇ ಎತ್ತಿಕೊಂಡು ಸುಮಾರು 11,000 ಓವಿಗಳಲ್ಲಿ ಕ್ರಿಸ್ತನ ಕಥೆ ಬರೆದ. 1616ರಲ್ಲಿ ಅಚ್ಚಾದ ಆ 'ಕ್ರಿಸ್ತ ಪುರಾಣ'ವನ್ನು ಗೋವೆಯ ಕ್ರೈಸ್ತರು ಪುರಾಣದಂತೆಯೇ ಕೂತು ಓದಿಸಿ ಕೇಳಿದರು.

ಓವಿಯ ಕಟ್ಟನ್ನು ಸ್ವಲ್ಪ ಗಮನಿಸಬೇಕು. ಮೂರು ಸಾಲು ಪ್ರಾಸದಲ್ಲಿ ಕೈಹಿಡಿದು ಬರುತ್ತವೆ. ನಾಲ್ಕನೆಯದು ಗಿಡ್ಡ, ಅದಕ್ಕೆ ಪ್ರಾಸದ ಹಂಗಿಲ್ಲ. ಮೂರು ಸಾಲಿನ ಓಟಕ್ಕೆ ಅಲ್ಲಿ ತಟ್ಟನೆ ತಡೆ ಬೀಳುತ್ತದೆ, ಕೇಳುವವನ ಕಿವಿ ನೆಟ್ಟಗಾಗುತ್ತದೆ. ಬೋಧನೆಯ ತಿರುಳನ್ನು ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ರ್‍ಯಾಪ್ ಬರೆಯುವವನೂ ಇಂಥದೇ ಲೆಕ್ಕ ಹಾಕುತ್ತಾನೆ: ನಾಲ್ಕು ಬಡಿತಕ್ಕೊಂದು ಪಟ್ಟು, ಪಟ್ಟಿನ ಕೊನೆಯಲ್ಲೂ ಒಳಗೂ ಪ್ರಾಸ, ಪೆಟ್ಟು ಬೀಳಬೇಕಾದ ಮಾತು ಕಟ್ಟಕಡೆಗೆ.

ಇನ್ನೂರು ವರ್ಷ ಈಚೆಗೆ ಬಂದರೆ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಸಿಗುತ್ತಾರೆ. 1894ರ ನಿಘಂಟಿನಿಂದ ಅವರನ್ನು ಎಲ್ಲರೂ ಬಲ್ಲರು. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು ಯೇಸುವಿನ ಬಾಳನ್ನು ದೇಸಿ ಹಾಡುಗಬ್ಬದ ಧಾಟಿಯಲ್ಲಿ 'ಕಥಾಮಾಲೆ' ಎಂದು ಹೊಸೆದಿದ್ದನ್ನು ಬಲ್ಲವರು ಕಡಿಮೆ. ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಊರಿನ ತಾಳ ತಿಳಿಯದೆ ಊರಿಗೆ ಮಾತು ಮುಟ್ಟಿಸಲಾಗದು ಎಂಬುದನ್ನು ಆ ಜರ್ಮನ್ ಪಾದ್ರಿ ಕಷ್ಟಪಟ್ಟು ಕಲಿತಿದ್ದರು.

ಆದರೆ ಸ್ಟೀಫನ್ಸ್ ಹಿಡಿದ ದಾರಿ ಗೋವೆಯಲ್ಲಿ ಉಳಿಯಲಿಲ್ಲ. 1736ರ ಏಪ್ರಿಲ್‌ನಲ್ಲಿ ಅಲ್ಲಿನ ಇನ್‌ಕ್ವಿಸಿಷನ್ ನ್ಯಾಯಪೀಠ ಒಂದು ಉದ್ದನೆಯ ಆಜ್ಞೆ ಹೊರಡಿಸಿತು. ಕ್ರೈಸ್ತರು ಬಿಡಬೇಕಾದ ಹಿಂದೂ ಪದ್ಧತಿಗಳ ಆ ಪಟ್ಟಿಯಲ್ಲಿ ಮದುವೆಮನೆಯ ಓವಿ ಹಾಡುಗಳೂ ಇದ್ದವು. ಪುರಾಣ ಬರೆಯಲು ಒದಗಿದ ಓವಿ ಮದುವೆಯಲ್ಲಿ ಹಾಡಲು ಪಾಪವಾಯಿತು! ಕನ್ನಡ ಕರಾವಳಿ ಆಗ ಕೆಳದಿಯ ಅರಸರ ಕೈಯಲ್ಲಿತ್ತು. ಗೇರುಸೊಪ್ಪ ಸೀಮೆಯೂ ಅವರಿಗೇ ಸೇರಿತ್ತು. ಗೋವೆಯ ನ್ಯಾಯಪೀಠದ ಕೈ ಇಲ್ಲಿಗೆ ಅಷ್ಟು ಸುಲಭವಾಗಿ ಎಟುಕುತ್ತಿರಲಿಲ್ಲ. ಕರಾವಳಿಯ ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ 'ರೋಸ್' ಶಾಸ್ತ್ರದಲ್ಲಿ ಇಂದಿಗೂ ವೋವಿಯೊ ಹಾಡುತ್ತಾರೆ. ಶಿಲುಬೆಯ ಗುರುತು ಹಾಕಿ, ದೇವರನ್ನು ನೆನೆದು, ಅದೇ ಹಳೆಯ ಧಾಟಿಯಲ್ಲಿ. 'ಕ್ರಿಸ್ತ ಪುರಾಣ' ಮತ್ತೆ ಬೆಳಕು ಕಂಡದ್ದೂ ಈ ಕರಾವಳಿಯಲ್ಲೇ: 1907ರಲ್ಲಿ, ಮಂಗಳೂರಿನಲ್ಲಿ, ಜೋಸೆಫ್ ಸಲ್ಡಾನ್ಹಾ ಅವರು ಕೈಬರಹದ ಪ್ರತಿಗಳನ್ನು ಹೋಲಿಸಿ ಅಚ್ಚು ಹಾಕಿಸಿದರು.

ಹಾಗಾದರೆ ಪಾತ್ರೆ ಕೊಳಕು ಎಂದವರ ಮಾತು ಪೂರ್ತಿ ಸುಳ್ಳೇ? ಅಷ್ಟು ಬೇಗ ತೀರ್ಪು ಕೊಡಬೇಕಾಗಿಲ್ಲ. ಅವರ ಆತಂಕದಲ್ಲಿ ಒಂದು ನಿಜವಿದೆ. ತಾಳವನ್ನು ಬರೀ ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸಿದರೆ ಕಲೆಯೂ ಕೆಡುತ್ತದೆ, ನಂಬಿಕೆಯೂ ತೆಳುವಾಗುತ್ತದೆ. ಹುಡುಗರನ್ನು ಚರ್ಚಿಗೆ ಕರೆತರಲೆಂದು ಪ್ರಸಂಗಕ್ಕೆ ಡ್ರಮ್ಮು ಕಟ್ಟಿದ ಎಷ್ಟೋ ಕ್ಯಾಸೆಟ್ಟುಗಳು ಹೀಗೆಯೇ ಸತ್ತವು. ಹುಡುಗರಿಗೆ ಮೋಸ ಬೇಗ ಗೊತ್ತಾಗುತ್ತದೆ.

ಲೆಕ್ರೇ ಗೆದ್ದದ್ದು ಬೇರೆ ಕಡೆ. 'ಅನಾಮಲಿ'ಯ ಒಂದು ಹಾಡಿನಲ್ಲಿ ಅವನು ಪರರ ಪಾಪದ ಬಗ್ಗೆ ಬೋಧಿಸುವುದಿಲ್ಲ. ಗೆಳತಿಯ ಗರ್ಭಪಾತದಲ್ಲಿ ತನ್ನ ಪಾಲನ್ನೂ, ಬಾಲ್ಯದಲ್ಲಿ ತನ್ನ ಮೇಲೆ ನಡೆದ ದೌರ್ಜನ್ಯವನ್ನೂ ಹೇಳಿಕೊಳ್ಳುತ್ತಾನೆ. ಪಾಪನಿವೇದನೆಯ ಪೆಟ್ಟಿಗೆಯೊಳಗೆ ಪಿಸುಗುಟ್ಟುವ ಮಾತನ್ನು ಲಕ್ಷಾಂತರ ಜನರ ಎದುರು ತಾಳಕ್ಕೆ ಇಟ್ಟ. ಕನ್ನಡಿಗರಿಗೆ ಇದು ಪರಕೀಯವೆನಿಸಬಾರದು; ನಮ್ಮ ಹರಿದಾಸರೂ ತಮ್ಮ ದೋಷಗಳನ್ನು ತಾವೇ ಎತ್ತಿ, ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡಿದವರು.

ಬೆಲೆ ತೆರಬೇಕಾದದ್ದು ಆಮೇಲೆ. 2014ರಲ್ಲಿ ಫರ್ಗ್ಯುಸನ್ ಊರಲ್ಲಿ ಪೊಲೀಸರ ಗುಂಡಿಗೆ ಕಪ್ಪು ಹುಡುಗನೊಬ್ಬ ಬಲಿಯಾದಾಗ ಲೆಕ್ರೇ ಬಾಯಿ ಬಿಟ್ಟ. ಅವನ ಹಾಡು ಮೆಚ್ಚಿದ್ದ ಬಿಳಿಯ ಕ್ರೈಸ್ತರಲ್ಲಿ ಹಲವರು ಮುಖ ತಿರುಗಿಸಿದರು. ಯೇಸುವಿನ ಬಗ್ಗೆ ಹಾಡು, ರಾಜಕೀಯ ಬೇಡ ಎಂದರು. 2017ರಲ್ಲಿ ಅವನು ಆ ಬಿಳಿಯ ಇವ್ಯಾಂಜಲಿಕಲ್ ವಲಯದಿಂದ ತಾನು ದೂರ ಸರಿದುದಾಗಿ ಬಹಿರಂಗವಾಗಿ ಹೇಳಿದ. ನಂಬಿಕೆಯನ್ನು ಬಿಡಲಿಲ್ಲ. ಇಲ್ಲಿ ವಿಷಯ ಸ್ಪಷ್ಟವಾಗುತ್ತದೆ: ಒಂದು ಜನದ ತಾಳ ಬೇಕು, ಆ ಜನದ ನೋವು ಬೇಡ ಎಂದರೆ ನಡೆಯುವುದಿಲ್ಲ. ಬ್ರಾಂಕ್ಸಿನ ಬೀದಿಯಲ್ಲಿ ಹುಟ್ಟಿದ ಬಡಿತ ಬೀದಿಯ ಸುದ್ದಿಯನ್ನೂ ಹೊತ್ತೇ ಬರುತ್ತದೆ.

ಕನ್ನಡದಲ್ಲಿ ರ್‍ಯಾಪ್ ಈಗ ಅಪರಿಚಿತವಲ್ಲ. ಚಂದನ್ ಶೆಟ್ಟಿ, ಆಲ್ ಓಕೆ, ಎಂ.ಸಿ. ಬಿಜ್ಜು, ರಾಹುಲ್ ಡಿಟ್-ಓ ಮುಂತಾದವರ ಹೆಸರು ಹುಡುಗರ ಬಾಯಲ್ಲಿದೆ. ಸುವಾರ್ತೆಯನ್ನು ಈ ಧಾಟಿಗೆ ತರಬಯಸುವ ಹುಡುಗ ಹುಡುಗಿಯರಿಗೆ ಒಂದು ಕುಶಲದ ತೊಡಕಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಕೂರುತ್ತದೆ. ಹಾಗಾಗಿ 'ಬಂದನು, ನಿಂತನು, ಅಂದನು' ಎಂದು ಅಂತ್ಯಪ್ರಾಸ ಬಿಟ್ಟಿಯಾಗಿ ಸಿಗುತ್ತದೆ. ಬಿಟ್ಟಿ ಸಿಕ್ಕಿದ್ದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ಹಳೆಯ ಕವಿಗಳು ಇದನ್ನು ಅರಿತೇ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟರು. ಸಾಲಿನ ತುದಿಗೆ ಬೀಳುವ ಅಮೆರಿಕದ ಪ್ರಾಸವನ್ನು ಹಾಗೇ ಎತ್ತಿ ತಂದವನು ಬೇಗ ಸೋಲುತ್ತಾನೆ. ಆದಿಪ್ರಾಸವನ್ನು ತಾಳದ ಮೊದಲ ಬಡಿತಕ್ಕೆ ಹೊಂದಿಸಿದವನಿಗೆ ಹೊಸ ದಾರಿ ಸಿಕ್ಕೀತು.

ವಾದ್ಯಕ್ಕೂ ದೂರ ಹೋಗಬೇಕಿಲ್ಲ. ಗೋವೆಯ ಕ್ರೈಸ್ತರು ಮಾಂಡೊ ಹಾಡಿಗೆ ಬಾರಿಸುವ ಗುಮಟೆಯೇ ಕುಮಟೆ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿನಲ್ಲೂ ಮೊಳಗುತ್ತದೆ. ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದರೆ ಸದ್ದು ಏರಿಳಿಯುತ್ತದೆ. ಸ್ಥಳೀಯ ಜನರ ಸಂಗೀತಕ್ಕೆ ಪೂಜೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ಎರಡನೆಯ ವ್ಯಾಟಿಕನ್ ಸಮ್ಮೇಳನ 1963ರಲ್ಲೇ ಹೇಳಿದೆ. ಉಡದ ಚರ್ಮ ಬಳಸುವುದನ್ನು ವನ್ಯಜೀವಿ ಕಾನೂನು ತಡೆದ ಮೇಲೆ ಗುಮಟೆಗೆ ಆಡಿನ ಚರ್ಮ ಬಂದಿದೆ. ಸದ್ದು ತುಸು ಬೇರೆ ಎಂದು ಹಳಬರು ಗೊಣಗುತ್ತಾರೆ, ಬಾರಿಸುವುದನ್ನು ಮಾತ್ರ ಬಿಟ್ಟಿಲ್ಲ.