ಕಗ್ಗಂಟು: ಕಟ್ಟಿದವರು ಯಾರು, ಬಿಚ್ಚುವವರು ಯಾರು?

(ಚಿಕ್ಕಲಸಂದ್ರದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಪಂಡಿತನಲ್ಲ. ಪಿಯುಸಿ ಓದಿ ಪ್ರೆಸ್ಸು ಇಟ್ಟುಕೊಂಡವನು. ದಿನವೂ ಕಣ್ಣಿಗೆ ಬೀಳುವ ಒಂದೇ ಒಂದು ಪದದ ಬಗ್ಗೆ ನಾಲ್ಕು ಮಾತಾಡುತ್ತೇನೆ.

ಅಚ್ಚಿಗೆ ಬರುವ ಕರಪತ್ರಗಳಲ್ಲಿ 'ಮಾತುಕತೆ ಡೆಡ್‌ಲಾಕ್ ಆಗಿದೆ' ಎಂದು ಬರೆದಿರುತ್ತಾರೆ. ಯಾಕೆ ಸ್ವಾಮಿ, ಕನ್ನಡದಲ್ಲಿ ಪದಗಳಿಗೆ ಬರಗಾಲವೇ? ಕಗ್ಗಂಟು ಇಲ್ಲವೇ? ಕಡು ಮತ್ತು ಗಂಟು ಸೇರಿ ಕಗ್ಗಂಟು. ಕಡು ಕೊಲೆ ಕಗ್ಗೊಲೆ ಆದ ಹಾಗೆ, ಕಡು ಕಾಡು ಕಗ್ಗಾಡು ಆದ ಹಾಗೆ. ಎಳೆದಷ್ಟೂ ಬಿಗಿಯುವ ಗಂಟು ಅದು.

ಇದಕ್ಕೆ ನೆಂಟರೂ ಇದ್ದಾರೆ. ಒಬ್ಬ ಮನುಷ್ಯ ಅತ್ತ ಹೋಗಲಾರದೆ ಇತ್ತ ಬರಲಾರದೆ ಸಿಕ್ಕಿಕೊಂಡರೆ ಇಕ್ಕಟ್ಟು. ಬಹುಮತ ಹೋಗಿ ಸರ್ಕಾರದ ಕುರ್ಚಿ ಅಲ್ಲಾಡಿದರೆ ಬಿಕ್ಕಟ್ಟು. ಹಲವರು ಹಲವು ಎಳೆ ಹಿಡಿದೆಳೆದು ಯಾರಿಂದಲೂ ಬಿಚ್ಚಲಾಗದಿದ್ದರೆ ಕಗ್ಗಂಟು. ಇಂಗ್ಲಿಷಿನವನು ಬೀಗ ಕಂಡ, ನಾವು ಗಂಟು ಕಂಡೆವು. ಬೀಗದ ಕೈ ಕಳೆದರೆ ಕಥೆ ಮುಗಿಯಿತು. ಗಂಟು ಹಾಗಲ್ಲ. ಅದನ್ನು ಹಾಕಿದ್ದು ಮನುಷ್ಯರ ಕೈ, ಬಿಚ್ಚಬೇಕಾದ್ದೂ ಮನುಷ್ಯರ ಕೈಯೇ!

ನಿಜವಾದ ಕಗ್ಗಂಟು ನೋಡಬೇಕೇ? ನಮ್ಮ ಗಡಿ ನೋಡಿ. 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾದ ದಿನವೇ ಕಾಸರಗೋಡು ಕೇರಳದ ಪಾಲಾಯಿತು. ಮಹಾರಾಷ್ಟ್ರದ ಒತ್ತಾಯಕ್ಕೆ ಕೇಂದ್ರ 1966ರಲ್ಲಿ ಮಹಾಜನ್ ಆಯೋಗ ನೇಮಿಸಿತು. 1967ರ ವರದಿ ಹೇಳಿದ್ದೇನು? ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ. ಆಯೋಗ ಬೇಕೆಂದ ಮಹಾರಾಷ್ಟ್ರವೇ ವರದಿ ಬೇಡವೆಂದಿತು. ಕೇರಳವೂ ಒಪ್ಪಲಿಲ್ಲ. ಗಡಿ ಬದಲಿಸುವ ಅಧಿಕಾರವಿರುವ ಸಂಸತ್ತು ಕೈ ಹಾಕಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಗಿ ಇನ್ನೊಂದು ಸುತ್ತು ಬಿಗಿಯಿತು.

ಈ ಗಂಟಿನಲ್ಲಿ ಸಿಕ್ಕಿಕೊಂಡವರು ಯಾರು? 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಬೀದಿಗಿಳಿದ ಕಾಸರಗೋಡಿನ ಕನ್ನಡಿಗರು. ವಿಲೀನಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿದ ಮೇಲೆ 2015ರಲ್ಲಿ ಕಣ್ಣು ಮುಚ್ಚಿದರು. ನೂರು ವರ್ಷ ಬದುಕಿದರೂ ಆ ಗಂಟು ಬಿಚ್ಚಿದ್ದನ್ನು ಅವರು ಕಾಣಲಿಲ್ಲ!

ಆದರೆ ಎಚ್ಚರ ಗೆಳೆಯರೇ! ಕೆಲಸಗಳ್ಳರು ಈ ಪದದ ಹಿಂದೆ ಅಡಗುತ್ತಾರೆ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಆಗಿದೆ. ಆದರೂ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಮೂಲೆಗೆ ಬಿದ್ದಿದ್ದರೆ ಅದು ಕಗ್ಗಂಟೇ? ಅಲ್ಲ! ಅಲ್ಲಿ ಎರಡನೇ ಎಳೆಯೇ ಇಲ್ಲ. ಅದರ ಹೆಸರು ಉದಾಸೀನ. 'ವಿಷಯ ಕಗ್ಗಂಟಾಗಿದೆ' ಎಂದು ಯಾರಾದರೂ ಕೈ ತೊಳೆದುಕೊಂಡರೆ ಮುಖಕ್ಕೆ ಮುಖ ಕೊಟ್ಟು ಕೇಳಿ: ಎಳೆಗಳು ಯಾವುವು? ಹಿಡಿದವರು ಯಾರು? ನಿಮ್ಮ ಕೈಯಲ್ಲಿರುವ ಎಳೆ ಯಾವುದು? ಉತ್ತರ ಬಂದರೆ ಕೂತು ಬಿಚ್ಚೋಣ. ಉತ್ತರವಿಲ್ಲದಿದ್ದರೆ ಅದು ಕಗ್ಗಂಟಲ್ಲ, ಕಳ್ಳನೆಪ.

ಪದ ನಮ್ಮದು. ಅದನ್ನು ಬಳಸೋಣ, ನೆಟ್ಟಗೆ ಬಳಸೋಣ.

ಸಿರಿಗನ್ನಡಂ ಗೆಲ್ಗೆ!