ಗೇಟು ಎಂಬ ಮಾತು

‘ಗೇಟ್’ ಎಂಬುದು ಇಂಗ್ಲಿಷಿನ ಪುಟ್ಟ ಮಾತು. ಕನ್ನಡಕ್ಕೆ ಬಂದು, ಕೊನೆಗೊಂದು ಉಕಾರವನ್ನು ತೊಟ್ಟು, ‘ಗೇಟು’ ಎನಿಸಿ ನಮ್ಮದೇ ಆಯಿತು. ನಿಘಂಟಿನಲ್ಲಿ ಇದಕ್ಕೆ ‘ಬಾಗಿಲು’ ಎಂದು ಅರ್ಥವಿದೆ. ಆದರೆ ಹೊಸಪೇಟೆಯ ಸುತ್ತ ಒಂದು ದಿನ ಓಡಾಡಿದವರಿಗೆ ಆ ಅರ್ಥ ಸಾಲದು.

ರೈಲುದಾರಿಯ ಬಳಿ ‘ಗೇಟು ಎತ್ತಿದರು’ ಎಂದರೆ ನಿಂತ ಜನ ಮುಂದೆ ನಡೆಯುತ್ತಾರೆ. ತುಂಗಭದ್ರಾ ಅಣೆಕಟ್ಟಿನಲ್ಲಿ ‘ಗೇಟು ಎತ್ತಿದರು’ ಎಂದರೆ ನಡೆಯುವುದು ನೀರು, ಜನ ನಿಲ್ಲಬೇಕು. ಅದೇ ಮಾತು ಕಿವಿಗೆ ಬಿದ್ದೊಡನೆ ಕಂಪ್ಲಿಯವರು, ಗಂಗಾವತಿಯ ಹಾದಿಯ ಸೇತುವೆ ಮುಳುಗೀತೇನೋ ಎಂದು ಹೊಳೆಯ ಕಡೆ ನೋಡುತ್ತಾರೆ. ಇಲ್ಲಿ ತೆರೆದದ್ದು ಅಲ್ಲಿ ದಾರಿಯನ್ನು ಮುಚ್ಚುತ್ತದೆ!

ಒಮ್ಮೆ ತರಗತಿಯಲ್ಲಿ ನಾನು ‘ಅಣೆಕಟ್ಟಿನ ಬಾಗಿಲು ತೆರೆದರು’ ಎಂದು ಬರೆಯಿಸಿದೆ. ಹೊಳೆದಂಡೆಯ ಊರಿನ ಹುಡುಗನೊಬ್ಬ ಎದ್ದು, “ಬಾಗಿಲು ತೆರೆದರೆ ಒಳಗೆ ಹೋಗುತ್ತೇವೆ ಸಾರ್, ಇದು ತೆರೆದರೆ ಮನೆ ಬಿಟ್ಟು ಹೋಗಬೇಕಲ್ಲ?” ಎಂದ. ನಾನು ತಿದ್ದಿಕೊಂಡೆ.

ಇಂಗ್ಲಿಷಿನವರೂ ಈ ತೊಡಕನ್ನು ಬಲ್ಲರು. ಅವರ ಯಾರ್ಕ್ ಪಟ್ಟಣದಲ್ಲಿ ಬೀದಿಯ ಹೆಸರಿನ ಕೊನೆಗೆ ‘ಗೇಟ್’ ಬರುತ್ತದೆ. ಅದು ಬೀದಿ ಎಂಬರ್ಥದ ಹಳೆಯ ನಾರ್ಸ್ ಮಾತು. ಅಲ್ಲಿ ಕೋಟೆಬಾಗಿಲಿಗೆ ‘ಬಾರ್’ ಎನ್ನುತ್ತಾರೆ.

ನಮ್ಮಲ್ಲಾದರೋ ಒಂದೊಂದಕ್ಕೂ ಬೇರೆ ಬೇರೆ ಹೆಸರುಗಳಿದ್ದವು. ಊರಿನದು ಅಗಸೆ, ಕೋಟೆಯದು ಹೆಬ್ಬಾಗಿಲು, ಕೆರೆಯದು ತೂಬು, ಬೆಟ್ಟದ ನಡುವಣ ಸಂದು ಗಂಡಿ. ಹಂಪಿಯಲ್ಲಿ ಭೀಮನ ಹೆಬ್ಬಾಗಿಲಿದೆ. ಸಂಡೂರಿನಲ್ಲಿ ನಾರಿಹಳ್ಳ ಹರಿಯುವ ಭೀಮಗಂಡಿಯಿದೆ. ಭೀಮ ಇಬ್ಬರಿಗೂ ಒಬ್ಬನೇ. ಆದರೆ ಒಂದನ್ನು ಮನುಷ್ಯ ಕಟ್ಟಿದ್ದು, ಇನ್ನೊಂದನ್ನು ನೀರು ಕೊರೆದದ್ದು ಎಂಬುದನ್ನು ಹೆಸರೇ ಹೇಳಿಬಿಡುತ್ತದೆ. ‘ಗೇಟು’ ಹಾಗೆ ಹೇಳಲಾರದು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನೀರು ಹರಿಯುತ್ತಿರುವಾಗಲೇ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದರು. ‘ಗೇಟು ತೆಗೆದರು’, ‘ಗೇಟು ಹೋಯಿತು’: ಕೇಳಲು ಎರಡೂ ಹತ್ತಿರದ ಮಾತುಗಳೇ. ಮೊದಲನೆಯದು ಮನುಷ್ಯ ಮಾಡಿದ್ದು, ಎರಡನೆಯದು ಅವನ ಕೈಮೀರಿದ್ದು. ಹೊಳೆಯ ಕೆಳಗಿನ ಊರಿನವರಿಗೆ ಈ ವ್ಯತ್ಯಾಸ ಬರಿಯ ವ್ಯಾಕರಣವಲ್ಲ.

‘ಗೇಟು’ ಬೇಡವೆಂದು ನಾನು ಹೇಳೆನು. ಬಂದ ಮಾತು ಇರಲಿ. ಆದರೆ ಯಾವ ಗೇಟು, ಅದಕ್ಕೆ ಏನಾಯಿತು ಎಂಬುದನ್ನು ಬಿಡಿಸಿ ಹೇಳೋಣ. ಜೊತೆಗೆ, ಅಗಸೆ, ತೂಬು, ಗಂಡಿಗಳನ್ನು ಮಕ್ಕಳ ಕಿವಿಗೆ ಆಗಾಗ ಹಾಕುತ್ತಿರೋಣ.