ಮೇಕೆಮರಿಗಳ ಭೇದಿ: ಹುಳದ ಔಷಧಿಯೊಂದೇ ಸಾಲದು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಲಿನ ಬಗ್ಗೆ, ಸಾಲದ ಬಗ್ಗೆ ಹಿರಿಯರು ಆಗಲೇ ಮಾತಾಡಿದ್ದಾರೆ. ಪಶುವೈದ್ಯರಾದ ನಮ್ಮ ಪಾಲಿಗೆ ಬಂದದ್ದು ಮೇಕೆಮರಿಗಳ ಭೇದಿ. ಊಟಕ್ಕೆ ಮುಂಚೆ ಇದೇನು ಮಾತು ಅಂತ ಯಾರೂ ಮುಖ ಸಿಂಡರಿಸಬಾರದು. ಮನೆಯ ಹೆಣ್ಣುಮಕ್ಕಳಿಗೆ ಮೇಕೆ ಎಂದರೆ ಕೈಗಂಟು. ವರ್ಷತೊಡಕಿಗೋ ಬಕ್ರೀದಿಗೋ ಮಾರಬೇಕಾದ ಮರಿ ಎರಡೇ ತಿಂಗಳಿಗೆ ಸತ್ತರೆ ಆ ಗಂಟೇ ಹೋಯಿತು.

ಒಂದು ಮಳೆಗಾಲದಲ್ಲಿ ಒಬ್ಬ ತಾಯಿ ನಮ್ಮ ಹತ್ತಿರ ಬಂದರು. "ಎರಡು ಸಲ ಹುಳದ ಔಷ್ದಿ ಕುಡ್ಸಿದೀನಿ ಸ್ವಾಮಿ, ಆದ್ರೂ ಮೂರು ಮರಿ ಹೋದ್ವು. ಇನ್ನೆರಡು ಉಚ್ಕೊಂಡು ಬಿದ್ದವೆ" ಎಂದರು. ಹಿಕ್ಕೆ ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಜಂತುಹುಳುವಿನ ಮೊಟ್ಟೆ ಅಲ್ಲೊಂದು ಇಲ್ಲೊಂದು. ಕಾಕ್ಸಿಡಿಯಾದ ಮೊಟ್ಟೆಗಳು ಮಾತ್ರ ರಾಗಿ ಚೆಲ್ಲಿದ ಹಾಗೆ. ತಪ್ಪು ಆ ತಾಯಿಯದಲ್ಲ. ಭೇದಿ ಎಂದ ಕೂಡಲೇ ಹುಳದ ಔಷಧಿ ಎನ್ನುವ ಅಭ್ಯಾಸವನ್ನು ಜನಕ್ಕೆ ಮಾಡಿಸಿದವರಲ್ಲಿ ನಾವೂ ಇದ್ದೇವೆ.

ಕಾಕ್ಸಿಡಿಯಾ ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಐಮೀರಿಯಾ ಎಂಬುದು ಅದರ ಶಾಸ್ತ್ರದ ಹೆಸರು. ಮರಿಯ ಕರುಳಿನ ಗೋಡೆಯೊಳಗೆ ಹೊಕ್ಕು, ಅಲ್ಲೇ ಒಂದಕ್ಕೆ ನೂರಾಗಿ, ಕೋಶಗಳನ್ನು ಒಡೆದು ಹೊರಬರುತ್ತದೆ. ಹಿಕ್ಕೆಯಲ್ಲಿ ಬೀಳುವ ಅದರ ಮೊಟ್ಟೆ ಬಿದ್ದ ತಕ್ಷಣ ರೋಗ ಹರಡದು. ತೇವ, ಬಿಸುಪು, ಗಾಳಿ ಮೂರೂ ಸಿಕ್ಕರೆ ಕೆಲವೇ ದಿನಗಳಲ್ಲಿ ಬಲಿಯುತ್ತದೆ. ಆಮೇಲೆ ಮರಿ ನೆಲ ನೆಕ್ಕಿದರೂ, ಕೊಳೆ ಮೆತ್ತಿದ ಕೆಚ್ಚಲು ಚೀಪಿದರೂ ಹೊಟ್ಟೆಗೆ ಸೇರಿತು. ಮೂರು ವಾರದಿಂದ ಐದಾರು ತಿಂಗಳವರೆಗಿನ ಮರಿಗಳಿಗೆ, ಅದರಲ್ಲೂ ಹಾಲು ಬಿಡಿಸುವ ಹೊತ್ತಿನಲ್ಲಿ, ಇದರ ಕಾಟ ಹೆಚ್ಚು. ದೊಡ್ಡ ಮೇಕೆ ಆರೋಗ್ಯವಾಗಿಯೇ ಇರುತ್ತದೆ, ಆದರೆ ಮೊಟ್ಟೆ ಉದುರಿಸುತ್ತಲೇ ಇರುತ್ತದೆ. ಹಿಕ್ಕೆ ಮೊದಲು ಮೆತ್ತಗಾಗಿ, ಆಮೇಲೆ ನೀರಾಗುತ್ತದೆ. ಮರಿ ಮುಕ್ಕುತ್ತದೆ, ಹಿಂಭಾಗವೆಲ್ಲ ಕೊಳೆ. ರಕ್ತ ಕಾಣಲೇಬೇಕೆಂದಿಲ್ಲ. ಬದುಕಿದ ಮರಿಯೂ ಸಣಕಲಾಗಿ ಉಳಿಯಬಹುದು. "ನಮ್ಮ ಕೋಳಿಯಿಂದ ಬಂತಾ?" ಎಂದು ಬಹಳ ಜನ ಕೇಳುತ್ತಾರೆ. ಇಲ್ಲ, ಕೋಳಿಯದು ಕೋಳಿಗೆ, ಮೇಕೆಯದು ಮೇಕೆಗೆ.

ನಮ್ಮ ಕಡೆ ಇದು ಯಾಕೆ ಮುಖ್ಯ ಎಂದರೆ, ಮೇಕೆ ಸಾಕುವ ರೀತಿಯೇ ಬದಲಾಗಿದೆ. ಮಲ್ಲತ್ತಹಳ್ಳಿ, ಉಲ್ಲಾಳ, ನಾಗದೇವನಹಳ್ಳಿಯ ಸುತ್ತ ಹಿಂದೆ ಗೋಮಾಳ, ಕೆರೆಯಂಗಳ ಇದ್ದವು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಬಂತು. ಆಮೇಲೆ ಬಡಾವಣೆ ಮೇಲೆ ಬಡಾವಣೆ. 2021ರಲ್ಲಿ ಮೆಟ್ರೋ ಕೆಂಗೇರಿ ಮುಟ್ಟಿತು. ಮೇಕೆ ಉಳಿದದ್ದು ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ, ಹತ್ತಡಿ ಜಾಗದಲ್ಲಿ ಹತ್ತು ಜೀವ. ಬಯಲಲ್ಲಿ ಮೇಯುವ ಮೇಕೆಗೆ ಜಂತುಹುಳು ದೊಡ್ಡ ಶತ್ರು, ಒತ್ತಾಗಿ ಕೂಡಿಹಾಕಿದ ಮರಿಗೆ ಕಾಕ್ಸಿಡಿಯಾ. ಜಾಗ ಬದಲಾಯಿತು, ಸೀಸೆ ಮಾತ್ರ ಹಳೆಯದೇ!

ಹಾಗೆಂದು ಜಂತುಹುಳು ಸುಳ್ಳಲ್ಲ. ಇನ್ನೂ ಮೇಯಲು ಬಿಡುವವರು ಮರಿಯ ಕೆಳರೆಪ್ಪೆ ಇಳಿಸಿ ನೋಡಿ. ಕೆಂಪಗಿರಬೇಕಾದದ್ದು ಬೆಳ್ಳಗಿದ್ದರೆ, ಗದ್ದದ ಕೆಳಗೆ ನೀರು ತುಂಬಿದ್ದರೆ, ರಕ್ತ ಹೀರುವ ಹಿಮಾಂಕಸ್ ಹುಳುವಿನ ಅನುಮಾನ ಪಡಿ. ತಮಾಷೆಯೆಂದರೆ ಅದರಲ್ಲಿ ಭೇದಿಯೇ ಇರದಿರಬಹುದು. ರೆಪ್ಪೆಯ ಬಣ್ಣ ನೋಡಿ ಔಷಧಿ ಕೊಡುವ ಈ ಕ್ರಮವನ್ನು ದಕ್ಷಿಣ ಆಫ್ರಿಕಾದವರು ಬಣ್ಣದ ಚೀಟಿ ಮಾಡಿ ಲೋಕಕ್ಕೆಲ್ಲ ಕಲಿಸಿದರು.

ಆಲ್ಬೆಂಡಜೋಲ್ ಕಾಕ್ಸಿಡಿಯಾಕ್ಕೆ ಕೆಲಸ ಮಾಡುವುದಿಲ್ಲ. ಸುಮ್ಮಸುಮ್ಮನೆ ಕುಡಿಸಿದರೆ ಹುಳುಗಳಿಗೂ ಅದು ರೂಢಿಯಾಗಿ ನಾಳೆ ಬೇಕಾದಾಗ ನಾಟುವುದಿಲ್ಲ. ಗಬ್ಬದ ಮೊದಲ ದಿನಗಳಲ್ಲಂತೂ ಅದು ಬೇಡವೇ ಬೇಡ. ಕಾಕ್ಸಿಡಿಯಾಕ್ಕೆ ಆಂಪ್ರೋಲಿಯಂ ಅಥವಾ ಸಲ್ಫಾ ಔಷಧಿ, ಮರಿಯ ತೂಕ ನೋಡಿ, ಡಾಕ್ಟರು ಹೇಳಿದಷ್ಟು ದಿನ. ಆಂಪ್ರೋಲಿಯಂ ಅತಿಯಾದರೆ ಬಿ1 ಜೀವಸತ್ವ ಕಡಿಮೆಯಾಗಿ ಮಿದುಳಿಗೇ ಪೆಟ್ಟು. ಭೇದಿಯ ಮರಿಗೆ ಉಪ್ಪು-ಸಕ್ಕರೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಿ. ಜ್ವರ, ಮೂಗು ಸೋರುವುದು, ಬಾಯಿಹುಣ್ಣು ಸೇರಿದ್ದರೆ ಅದು ಪಿ.ಪಿ.ಆರ್. ಇರಬಹುದು. ಕಾಯಬೇಡಿ, ಆಸ್ಪತ್ರೆಗೆ ತಿಳಿಸಿ. 1962ಕ್ಕೆ ಫೋನ್ ಮಾಡಿದರೂ ಆದೀತು.

ಔಷಧಿಗಿಂತ ನೆಲ ದೊಡ್ಡದು. ಫಿನಾಯಿಲು ಹಾಕಿದೆವಲ್ಲ ಎನ್ನುತ್ತೀರಿ, ಆ ಮೊಟ್ಟೆಯ ಸಿಪ್ಪೆ ಫಿನಾಯಿಲಿಗೆ ಬಗ್ಗುವುದಿಲ್ಲ. ಒಣಗಲು, ಬಿಸಿಲಿಗೆ, ಕುದಿಯುವ ನೀರಿಗೆ ಬಗ್ಗುತ್ತದೆ. ದಿನಾ ಹಿಕ್ಕೆ ಗುಡಿಸಿ ದೂರ ಹಾಕಿ. ಆದವರು ನೆಲದಿಂದ ಎರಡು ಮೂರಡಿ ಮೇಲೆ ಸಂದು ಬಿಟ್ಟ ಅಟ್ಟಣೆ ಮಾಡಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಮರಿ ಒಣಗಿರುತ್ತದೆ. ಹಲಸಿನ ಸೊಪ್ಪು, ಸುಬಾಬುಲ್ ಏನೇ ಆಗಲಿ, ನೆಲಕ್ಕೆ ಎಸೆಯದೆ ಕಟ್ಟಿ ನೇತುಹಾಕಿ. ನೀರಿನ ಬಾನಿಯೊಳಗೆ ಮರಿ ಕಾಲಿಡದಷ್ಟು ಎತ್ತರವಿರಲಿ. ಎರಡು ವಾರದ ಮರಿಯನ್ನೂ ನಾಲ್ಕು ತಿಂಗಳ ಮರಿಯನ್ನೂ ಒಟ್ಟಿಗೆ ಕೂಡಬೇಡಿ. ಹುಟ್ಟಿದ ಮರಿಗೆ ಗಿಣ್ಣುಹಾಲು ತಪ್ಪಿಸಬೇಡಿ.

ಆ ತಾಯಿಯ ಎರಡು ಮರಿಗಳಲ್ಲಿ ಒಂದು ಉಳಿಯಿತು. ಇನ್ನೊಂದು ಬರುವಾಗಲೇ ಕೈಮೀರಿತ್ತು. ಹಿಕ್ಕೆ ಪರೀಕ್ಷೆಗೆ ಎರಡು ವಾರ ಮುಂಚೆ ಬಂದಿದ್ದರೆ ಎಂದು ನಮಗೆ ಈಗಲೂ ಅನ್ನಿಸುತ್ತದೆ. ಅದಕ್ಕೇ ಸಂಘದವರಲ್ಲಿ ಒಂದು ಕೋರಿಕೆ: ಮಳೆಗಾಲದಲ್ಲಿ ವಾರಕ್ಕೊಂದು ಬೆಳಿಗ್ಗೆ ಹಾಲಿನ ಜೊತೆಗೆ ಹಿಕ್ಕೆಯ ಪೊಟ್ಟಣವನ್ನೂ ತೆಗೆದುಕೊಳ್ಳಿ, ಆದರೆ ಬೇರೆ ಕಡೆ! ಮೂರು ನಾಲ್ಕು ಮರಿಗಳದ್ದು, ಅಂದೇ ಹಾಕಿದ್ದು, ಬೇರೆಬೇರೆ ಕವರಿನಲ್ಲಿ, ಹೆಸರು ಬರೆದು. ಆಸ್ಪತ್ರೆಗೆ ಮುಟ್ಟಿಸಿದರೆ ನೋಡುವ ಕೆಲಸ ನಮ್ಮದು. ಇವತ್ತು ಊಟವಾದ ಮೇಲೆ ಸಂಘದ ಕಚೇರಿಯಲ್ಲಿ ಮೈಕ್ರೋಸ್ಕೋಪು ಇಟ್ಟಿರುತ್ತೇವೆ. ಹಿಕ್ಕೆ ತಂದವರು ಬಂದು ತಾವೇ ಕಣ್ಣಿಟ್ಟು ನೋಡಬಹುದು.